ಕಿಟಕಿಯ ಕಡೆ ಉತ್ತರ

ಬಟ್ಟೆ ಹೊಲಿಯುವವರಿಗೆ ಎರಡು ರೋಗ. ಒಂದು ಕತ್ತು ನೋವು, ಇನ್ನೊಂದು ಕಂಡದ್ದನ್ನೆಲ್ಲ ಅಳೆಯುವ ಚಟ. ಕತ್ತು ನೋವಿಗೆ ಎಣ್ಣೆ ಇದೆ, ಎರಡನೆಯದಕ್ಕೆ ನಾನಿನ್ನೂ ಮದ್ದು ಕಂಡಿಲ್ಲ. ಮದುವೆ ಮನೆಗೆ ಹೋದರೆ ಮದುಮಗಳ ಮುಖ ನೋಡುವ ಮೊದಲು ಅವಳ ಬ್ಲೌಸಿನ ತೋಳೆರಡೂ ಒಂದೇ ಉದ್ದ ಇವೆಯೇ ಎಂದು ನೋಡುತ್ತೇನೆ. ಇಲ್ಲದಿದ್ದರೆ ನನಗೆ ಊಟ ರುಚಿಸುವುದಿಲ್ಲ. ಸಾಲದ್ದಕ್ಕೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಕಳಸದ ಪೇಟೆಯಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ ಇದೆ. ಮನೆ ಸಂಸೆಯಲ್ಲಿ, ನಾನು ಮತ್ತು ಅಮ್ಮ ಇಬ್ಬರೇ. ಬೆಳಿಗ್ಗೆ ಏಳರ ಬಸ್ಸಿಗೆ ಹೋಗಿ ಸಂಜೆ ಆರರ ಬಸ್ಸಿಗೆ ಬಂದಿಳಿಯುವುದು ಇಪ್ಪತ್ತು ವರ್ಷದಿಂದ ನಡೆದುಬಂದ ಕ್ರಮ.

ಹಳೆಯ ಫೋನು ಹೊಲಿಗೆ ಮೆಷಿನ್ನಿನ ಮೇಲಿಂದ ಬಿದ್ದು ಒಡೆದುಹೋದ ಮೇಲೆ, ಲೈನಿಂಗ್ ಬಟ್ಟೆ ತರಲು ಮೂಡಿಗೆರೆಗೆ ಹೋದವಳು ಅಲ್ಲೇ ಒಂದು ಹೊಸ ಫೋನು ಕೊಂಡೆ. ಅಂಗಡಿಯ ಯಜಮಾನರು ಐವತ್ತು ದಾಟಿದವರು. ಹಣೆ ತುಂಬ ವಿಭೂತಿ, ಮಾತು ಮೆತ್ತಗೆ. ಮೊದಲು ರೇಡಿಯೋ, ಟೇಪ್ ರೆಕಾರ್ಡರ್ ಮಾರುತ್ತಿದ್ದವರು, ಕಾಲಕ್ಕೆ ತಕ್ಕ ಹಾಗೆ ಮೊಬೈಲಿಗೆ ಬಂದಿದ್ದರು. ಈ ಫೋನಿನಲ್ಲಿ ಎಲ್ಲ ಸೆನ್ಸರುಗಳೂ ಇವೆ ಎಂದು ಬೆರಳು ಮಡಿಸಿ ಎಣಿಸಿದರು. ಬೆಳಕು ನೋಡಲು ಒಂದು, ಹೆಜ್ಜೆ ಎಣಿಸಲು ಒಂದು, ಕಿವಿಗೆ ಹಿಡಿದರೆ ತಿಳಿದುಕೊಳ್ಳಲು ಒಂದು, ದಿಕ್ಕು ತೋರಿಸಲು ಒಂದು. ಕೊನೆಗೆ ಪುಸ್ತಕದ ಹಾಗೆ ಮುಚ್ಚುವ, ಮುಚ್ಚಿದರೆ ಟಕ್ಕೆನ್ನುವ ಕಂದು ಬಣ್ಣದ ಒಂದು ಕವರನ್ನು ತಾವೇ ಹಾಕಿ, ಇದು ನಮ್ಮ ಲೆಕ್ಕದಲ್ಲಿ ಇರಲಿ ಅಕ್ಕ ಎಂದು ಕೊಟ್ಟರು. ಅಳೆಯುವ ಚಟದವಳಿಗೆ ಇನ್ನೇನು ಬೇಕು? ಬಸ್ಸಿನಲ್ಲಿ ಬರುವಾಗಲೇ ಒಂದೊಂದನ್ನೂ ಒತ್ತಿ ನೋಡುತ್ತ ಬಂದೆ.

ಆ ಭಾನುವಾರ ಮನೆಯೆಲ್ಲ ಅಳೆದೆ. ಅಡುಗೆಮನೆಯ ಸಿಮೆಂಟಿನ ಕಟ್ಟೆ ಎಡಕ್ಕೆ ವಾಲಿದೆ ಎಂದು ಮಟ್ಟ ನೋಡುವ ಆ್ಯಪು ಹೇಳಿತು. ದೋಸೆ ಯಾವಾಗಲೂ ಒಂದೇ ಕಡೆ ದಪ್ಪ ಬರುವುದು ಯಾಕೆಂದು ಅವತ್ತು ಗೊತ್ತಾಯಿತು. ಹಿತ್ತಿಲಿನಿಂದ ರಸ್ತೆಗೆ ಎಷ್ಟು ಹೆಜ್ಜೆ ಎಂದು ಎರಡು ಸಲ ನಡೆದು ಎಣಿಸಿದೆ. ಅಮ್ಮ ಮೊರದಲ್ಲಿ ಕಾಳುಮೆಣಸು ಕೇರುತ್ತ ಜಗುಲಿಯಲ್ಲಿ ಕುಳಿತಿದ್ದಳು.

"ಎಂತ ಮಾರಾಯ್ತಿ, ಮನೆ ಮಾರೋಕೆ ಹೊರಟಿದೀಯಾ?" ಎಂದಳು.

ಕೊನೆಗೆ ದಿಕ್ಕು ನೋಡುವ ಸರದಿ ಬಂತು. ಇಲ್ಲಿ ನಮ್ಮ ಮನೆಯ ಮಂಚದ ವಿಷಯ ಹೇಳಬೇಕು. ನನ್ನಪ್ಪ ಕಾಫಿ ಎಸ್ಟೇಟಿನಲ್ಲಿ ಮೇಸ್ತ್ರಿಯಾಗಿದ್ದವರು. ಕೆಲಸ ಬಿಟ್ಟ ಮೇಲೆ ದಮ್ಮಿನ ಕಾಯಿಲೆ ಹಿಡಿದು ಒಂದೂವರೆ ವರ್ಷ ಆ ಕಬ್ಬಿಣದ ಮಂಚದ ಮೇಲೆಯೇ ಇದ್ದರು. ಮಂಚವನ್ನು ನಡುಮನೆಯಲ್ಲಿ ಹಾಕಿದವಳು ನಾನು. ಉತ್ತರಕ್ಕೆ ತಲೆ ಹಾಕಿ ಮಲಗಬಾರದು ಎಂಬುದು ನಮ್ಮ ಕಡೆ ಹಾಲು ಕುಡಿಯುವ ಮಕ್ಕಳಿಗೂ ಗೊತ್ತು. ನನಗೆ ಅದರಲ್ಲಿ ದೊಡ್ಡ ನಂಬಿಕೆ ಏನಿರಲಿಲ್ಲ, ಆದರೆ ಕಾಯಿಲೆಯವರ ವಿಷಯದಲ್ಲಿ ಯಾಕೆ ಬೇಕು ಎಂದು ದಕ್ಷಿಣದ ಕಿಟಕಿಯ ಕೆಳಗೆ ತಲೆ ಬರುವ ಹಾಗೆ ಹಾಕಿಸಿ, ದಿಂಬು ಇಲ್ಲೇ ಇರಬೇಕು ಎಂದು ಕಟ್ಟಪ್ಪಣೆ ಮಾಡಿದ್ದೆ. ಹೋದ ವರ್ಷ ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ಅಪ್ಪ ಹೋದರು.

ಆಮೇಲೆ ಅಮ್ಮ ಆ ಮಂಚದಲ್ಲಿ ಮಲಗುತ್ತಿದ್ದಳು. ಮಲಗುವುದು ಹೆಸರಿಗೆ ಮಾತ್ರ, ನಿದ್ದೆ ಅವಳ ಹತ್ತಿರ ಸುಳಿಯುತ್ತಿರಲಿಲ್ಲ. ಬೆಕ್ಕು ನಡೆದರೆ ಎದ್ದು ಕೂರುವಳು. ಕಳಸದ ಡಾಕ್ಟರು ಕೊಟ್ಟ ಮಾತ್ರೆ ನುಂಗಿದರೆ ಹಗಲೆಲ್ಲ ತೂಕಡಿಸುವಳು, ರಾತ್ರಿ ಮತ್ತೆ ಕಣ್ಣು ಬಿಟ್ಟುಕೊಂಡೇ ಇರುವಳು. ಒಂದು ವರ್ಷದಲ್ಲಿ ಅವಳ ಬ್ಲೌಸುಗಳನ್ನು ನಾನು ಮೂರು ಸಲ ಒಳಗೆ ಹಿಡಿದು ಸಣ್ಣ ಮಾಡಿದ್ದೇನೆ. ನನ್ನ ಟೇಪಿಗೆ ಅದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ. ಅವಳೂ ಹೀಗೆಯೇ ಕರಗಿ ಹೋಗುತ್ತಾಳೆ ಎಂಬ ಭಯ ನನ್ನನ್ನು ಬಿಟ್ಟಿರಲಿಲ್ಲ.

ಅವತ್ತು ಮಂಚದ ಕಾಲ ಬಳಿ ನಿಂತು, ಕಿಟಕಿಗೆ ಮುಖ ಮಾಡಿ, ಕವರಿನ ಮುಚ್ಚಳವನ್ನು ಹಿಂದಕ್ಕೆ ಮಡಚಿ ಫೋನು ಹಿಡಿದೆ. ಕಿಟಕಿಯ ಕಡೆ ಉತ್ತರ ಎಂದು ಅದು ತೋರಿಸಿತು. ನನಗೆ ನಗು ಬಂತು.

ಅಮ್ಮ ಜಗುಲಿಯಿಂದಲೇ ಏನು ಹೇಳುತ್ತದೆ ಎಂದು ಕೇಳಿದಳು. ಹೇಳಿದೆ. ಅವಳು ಮೊರ ಕೆಳಗಿಟ್ಟು ಒಳಗೆ ಬಂದಳು. ಇನ್ನೊಂದು ಸಲ ನೋಡು ಎಂದಳು. ನೋಡಿದೆ. ಮತ್ತೂ ಒಂದು ಸಲ ನೋಡಲು ಹೇಳಿದಳು. ಮೂರು ಸಲವೂ ಫೋನು ಮಾತು ಬದಲಿಸಲಿಲ್ಲ. ಅದಕ್ಕೆ ತಲೆ ಕೆಟ್ಟಿದೆ, ಸೂರ್ಯ ಹುಟ್ಟುವುದು ಬಚ್ಚಲ ಕಡೆ, ಹಾಗಾದರೆ ಕಿಟಕಿ ದಕ್ಷಿಣವೇ ಅಲ್ಲವೇ ಎಂದು ನಾನು ವಾದಿಸಿದೆ.

"ನಮ್ಮೂರಲ್ಲಿ ಸೂರ್ಯ ಗುಡ್ಡ ಹತ್ತಿ ಬರೋದೇ ಒಂಬತ್ತು ಗಂಟೆಗೆ. ಅವ ಎಲ್ಲಿ ಹುಟ್ಟಿದ ಅಂತ ಯಾರು ನೋಡಿದಾರೆ?" ಎಂದಳು ಅಮ್ಮ.

ಅವಳು ತಮಾಷೆ ಮಾಡುತ್ತಿರಲಿಲ್ಲ. ಅವತ್ತು ದಿಂಬನ್ನು ಎತ್ತಿ ಮಂಚದ ಇನ್ನೊಂದು ತುದಿಗೆ, ಅಡುಗೆಮನೆಯ ಗೋಡೆಯ ಕಡೆಗೆ ಹಾಕಿಕೊಂಡು ಮಲಗಿದಳು. ಬೆಳಿಗ್ಗೆ ನಾನು ಎದ್ದಾಗ ಅವಳಿನ್ನೂ ಎದ್ದಿರಲಿಲ್ಲ. ಹತ್ತಿರ ಹೋಗಿ ಉಸಿರಾಡುತ್ತಿದ್ದಾಳೆಯೇ ಎಂದು ನೋಡಿದೆ. ಬಾಯಿ ಸ್ವಲ್ಪ ತೆರೆದು, ಸಣ್ಣಗೆ ಗೊರಕೆ ಹೊಡೆಯುತ್ತ, ಕೈ ಎದೆಯ ಮೇಲಿಟ್ಟುಕೊಂಡು ಮಲಗಿದ್ದಳು. ನಾನೇ ಕಾಫಿ ಮಾಡಿಕೊಂಡು ಕುಡಿದು, ಬಾಗಿಲು ಮೆಲ್ಲಗೆ ಎಳೆದುಕೊಂಡು ಬಸ್ಸಿಗೆ ಹೋದೆ.

ಮರುದಿನವೂ ಅಷ್ಟೆ, ಅದರ ಮರುದಿನವೂ ಅಷ್ಟೆ. ವಾರದಲ್ಲಿ ಅಮ್ಮನ ಮುಖಕ್ಕೆ ಬಣ್ಣ ಬಂತು. ಎರಡು ಹೊತ್ತು ಊಟ ಸೇರಿತು. ನನಗೆ ಸಂತೋಷವಾಯಿತು, ಅದಕ್ಕಿಂತ ಹೆಚ್ಚಾಗಿ ಕುತೂಹಲವಾಯಿತು. ಫೋನು ಹೇಳಿದ್ದು ತಪ್ಪು ಎಂದರೆ ಅಮ್ಮ ಈಗ ನಿಜವಾಗಿ ಉತ್ತರಕ್ಕೆ ತಲೆ ಹಾಕಿದ್ದಾಳೆ. ಹಿರಿಯರು ಬೇಡ ಎಂದ ದಿಕ್ಕಿನಲ್ಲಿ ತಲೆ ಇಟ್ಟೊಡನೆ ಬಾರದ ನಿದ್ದೆ ಬಂದಿತ್ತು. ಹಿರಿಯರದು ತಪ್ಪೋ, ಫೋನಿನದು ತಪ್ಪೋ, ಇಲ್ಲ ಇಷ್ಟು ವರ್ಷ ನನ್ನ ಲೆಕ್ಕವೇ ತಪ್ಪೋ? ಅಮ್ಮ ಮಲಗುತ್ತಿದ್ದಾಳೆ, ಅಲ್ಲಿಗೆ ನಾನು ಸುಮ್ಮನಿರಬೇಕಿತ್ತು. ಸುಮ್ಮನಿರುವುದು ನನಗೆ ಬರುವುದಿಲ್ಲ.

ಅಷ್ಟರಲ್ಲಿ ಫೋನು ನನ್ನನ್ನೇ ಒಮ್ಮೆ ಆಟ ಆಡಿಸಿತು. ಕಳಸದಿಂದ ಆಚೆ ಒಂದು ಮದುವೆ ಮನೆಗೆ ಅಳತೆ ತೆಗೆದುಕೊಳ್ಳಲು ಹೋಗಬೇಕಿತ್ತು. ಮನೆಯವರು ಮ್ಯಾಪು ಕಳಿಸಿದ್ದರು. ಮ್ಯಾಪಿನ ಬಾಣ ಹೇಳಿದ ಕಡೆ ನಡೆದೆ. ಅರ್ಧ ಗಂಟೆ ನಡೆದ ಮೇಲೆ ಯಾರದೋ ಕಾಫಿ ಒಣಹಾಕಿದ ಕಣದ ನಡುವೆ ನಿಂತಿದ್ದೆ. ಕಣ ಕಾಯುತ್ತಿದ್ದ ನಾಯಿ ನನ್ನನ್ನು ಗೇಟಿನ ತನಕ ಬೀಳ್ಕೊಟ್ಟಿತು. ಮದುವೆ ಮನೆ ನಾನು ಬಸ್ಸಿಳಿದ ಜಾಗದ ಹಿಂದೆಯೇ, ಕೂಗಿದರೆ ಕೇಳುವಷ್ಟು ದೂರದಲ್ಲಿತ್ತು. ಚಪ್ಪಲಿಗೆ ಅಂಟಿದ ಕಾಫಿ ಹಣ್ಣಿನ ಸಿಪ್ಪೆ ಒರೆಸಿಕೊಳ್ಳುತ್ತ, ಇದನ್ನು ಸುಮ್ಮನೆ ಬಿಡಬಾರದು ಎಂದು ತೀರ್ಮಾನ ಮಾಡಿದೆ.

ಮುಂದಿನ ರಜದ ದಿನ ಮೂಡಿಗೆರೆಗೆ ಹೋದೆ. ಯಜಮಾನರು ಫೋನನ್ನು ಕೈಗೆ ತೆಗೆದುಕೊಂಡು ಕವರು ಬಿಚ್ಚಿ ಪಕ್ಕಕ್ಕಿಟ್ಟರು, ಗಾಜು ಒರೆಸಿದರು, ದಿಕ್ಕು ಸರಿಯಾಗಿ ಹಿಡಿಯಲೆಂದು ಗಾಳಿಯಲ್ಲಿ ಎಂಟರ ಅಂಕಿ ಬರೆದ ಹಾಗೆ ಎರಡು ಸಲ ತಿರುಗಿಸಿದರು. ಅಂಗಡಿಯ ಬಾಗಿಲಿಗೆ ಬಂದು ಸೂರ್ಯನ ಕಡೆ ಹಿಡಿದು ತೋರಿಸಿದರು. ದಿಕ್ಕು ಸರಿಯಾಗಿತ್ತು. ತಮ್ಮ ಫೋನನ್ನೂ ಪಕ್ಕದಲ್ಲಿ ಹಿಡಿದರು. ಎರಡೂ ಒಂದೇ ಹೇಳಿದವು. ನನ್ನ ಮುಖ ಸಣ್ಣದಾಯಿತು. ಅವರು ಕವರು ಹಾಕಿ ಫೋನನ್ನು ಎರಡೂ ಕೈಯಲ್ಲಿ ಕೊಡುತ್ತ, ಯಾವ ಊರು ನಿಮ್ಮದು ಎಂದು ಕೇಳಿದರು. ಸಂಸೆ ಎಂದೆ.

"ಅಲ್ಲಿಗೆ ಆಯ್ತಲ್ಲ ಅಕ್ಕ. ನಿಮ್ಮ ಗುಡ್ಡದ ಹೊಟ್ಟೇಲೆಲ್ಲ ಕಬ್ಬಿಣ. ಪಾಪ, ಸೆನ್ಸರ್ ಎಂತ ಮಾಡ್ತದೆ?"

ಈ ಮಾತು ನಮ್ಮ ಕಡೆ ಯಾರಿಗೆ ಹೇಳಿದರೂ ನಂಬುತ್ತಾರೆ. ಕುದುರೆಮುಖದ ಗುಡ್ಡಗಳಲ್ಲಿ ಕಬ್ಬಿಣದ ಅದಿರು ಇರುವುದು ಸುಳ್ಳಲ್ಲ. ರೇಡಿಯೋ ಕರಕರ ಎಂದರೂ, ಗಡಿಯಾರ ಹಿಂದೆ ಬಿದ್ದರೂ, ಸಾಲದ್ದಕ್ಕೆ ಮಕ್ಕಳು ಪರೀಕ್ಷೆಯಲ್ಲಿ ಫೇಲಾದರೂ ಕಬ್ಬಿಣದ ಮೇಲೆ ಹಾಕಿಬಿಡುವುದು ನಮ್ಮವರ ಅಭ್ಯಾಸ. ನಾನೂ ಅರ್ಧ ನಂಬಿಕೊಂಡೇ ಬಸ್ಸು ಹತ್ತಿದೆ. ಆದರೆ ಜಾವಳಿಯಲ್ಲಿ ಬಸ್ಸು ನಿಂತಾಗ ಫೋನು ತೆಗೆದು ನೋಡಿದರೆ, ಎದುರಿಗೇ ಮುಳುಗುತ್ತಿದ್ದ ಸೂರ್ಯನನ್ನು ಅದು ಉತ್ತರ ಎನ್ನುತ್ತಿತ್ತು. ಸೂರ್ಯ ಉತ್ತರದಲ್ಲಿ ಮುಳುಗಿದ್ದನ್ನು ಕಂಡವಳು ಪ್ರಪಂಚದಲ್ಲಿ ನಾನೊಬ್ಬಳೇ ಇರಬೇಕು. ಕಬ್ಬಿಣದ ಗುಡ್ಡ ಜಾವಳಿಯಿಂದ ಎಷ್ಟು ದೂರ! ಅಲ್ಲಿಯ ತನಕ ಅದರ ಕೈ ಚಾಚುತ್ತದೆಯೇ?

ಕಳಸದಲ್ಲಿ ಬಸ್ಸು ತಪ್ಪಿ ಜೀಪಿಗೆ ಬಂದೆ. ಜೀಪಿನವನಿಗೆ ವಿಷಯ ಹೇಳಿದ್ದೇ ತಡ, ಅವನು ಗುಡ್ಡದ ಕಡೆಯ ವಕೀಲನಾದ. ಸರ್ವೆ ಮಾಡಲು ಬಂದವರ ದಿಕ್ಸೂಚಿಯ ಮುಳ್ಳು ಗಿರಗಿರ ಸುತ್ತಿತ್ತಂತೆ, ದನದ ಕಾಲಿನ ಲಾಳ ನೆಲಕ್ಕೆ ಅಂಟಿಕೊಂಡಿತ್ತಂತೆ. ನಮ್ಮ ಮನೆಯ ಎದುರು ಇಳಿದವಳು ಅವನ ಫೋನನ್ನೇ ಕೇಳಿ ತೆಗೆದುಕೊಂಡು ದಿಕ್ಕು ನೋಡಿದೆ. ಅದು ಕಿಟಕಿಯ ಕಡೆ ದಕ್ಷಿಣ ಎಂದು ಸರಿಯಾಗಿ ತೋರಿಸಿತು. ಅವನಿಗೆ ಅವಮಾನವಾದ ಹಾಗಾಯಿತು.

"ನನ್ನದು ಹಳೇ ಫೋನಲ್ವಾ ಅಕ್ಕ, ಅದಕ್ಕೆ ನಮ್ಮ ಗುಡ್ಡ ಅಭ್ಯಾಸ ಆಗಿದೆ," ಎಂದು ಹೇಳಿ ಹೊರಟುಹೋದ.

ಫೋನನ್ನು ವಾಪಸು ಕೊಟ್ಟು ಬರುತ್ತೇನೆ ಎಂದು ನಾನು ಹೇಳಿದಾಗ ಅಮ್ಮ ಒಪ್ಪಲಿಲ್ಲ. ಅದಕ್ಕೇನಾಗಿದೆ, ಸರಿಯಾಗಿಯೇ ಇದೆ, ನಿನಗೆ ಯಾವುದನ್ನು ಕಂಡರೂ ಕೊಂಕು ಎಂದಳು. ಮೊಬೈಲು ಎಂದರೆ ಮುಖ ಸಿಂಡರಿಸುತ್ತಿದ್ದವಳು ಇದನ್ನು ಮಾತ್ರ ಸೆರಗಿನಲ್ಲಿ ಒರೆಸಿ ಕಪಾಟಿನ ಮೇಲೆ ಇಡುತ್ತಿದ್ದಳು. ನನಗೆ ವಿಚಿತ್ರ ಎನಿಸಿತು. ಯಾಕೆ ಎಂದು ಮಾತ್ರ ಕೇಳಲಿಲ್ಲ. ಫೋನಿನ ಒಳಗೆ ಏನಿದೆ ಎಂಬ ಯೋಚನೆಯಲ್ಲಿದ್ದವಳಿಗೆ ಅಮ್ಮನ ಒಳಗೆ ಏನಿದೆ ಎಂದು ನೋಡುವ ಪುರಸೊತ್ತು ಇರಲಿಲ್ಲ.

ಎರಡನೇ ಸಲ ಮೂಡಿಗೆರೆಗೆ ಹೋದಾಗ ನಾನು ಅಳತೆ ಪುಸ್ತಕವನ್ನೇ ತೆಗೆದುಕೊಂಡು ಹೋಗಿದ್ದೆ. ಎದೆ, ಸೊಂಟ, ತೋಳು ಎಂದು ಬರೆಯುವ ಜಾಗದಲ್ಲಿ ಊರು, ಸೂರ್ಯ ಇದ್ದ ಕಡೆ, ಫೋನು ಹೇಳಿದ ಕಡೆ ಎಂದು ಬರೆದಿಟ್ಟಿದ್ದೆ. ಯಜಮಾನರು ಕನ್ನಡಕ ಹಾಕಿಕೊಂಡು ಎಲ್ಲವನ್ನೂ ಓದಿದರು, ಅಕ್ಷರ ಚೆನ್ನಾಗಿದೆ ಎಂದರು. ಮತ್ತೆ ಕವರು ಬಿಚ್ಚಿದರು, ಮತ್ತೆ ಒರೆಸಿದರು, ಮತ್ತೆ ಗಾಳಿಯಲ್ಲಿ ಎಂಟು ಬರೆದರು. ಫೋನು ಹಾಲು ಕುಡಿದ ಮಗುವಿನ ಹಾಗೆ ಸರಿಯಾದ ದಿಕ್ಕು ತೋರಿಸಿತು. ಮತ್ತೆ ನನ್ನ ಊರಿನ ಕಬ್ಬಿಣದ ಮಾತು ಬಂತು. ನನಗೆ ತಡೆಯಲಾಗಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಿಮ್ಮ ಫೋನಿಗಾಗಿ ನಾವು ಊರು ಬಿಡಬೇಕಾ ಎಂದು ಕೇಳಿದೆ. ಅಂಗಡಿಗೆ ಬಂದಿದ್ದ ಮೂರು ನಾಲ್ಕು ಜನ ತಿರುಗಿ ನೋಡಿದರು. ಅವರು ಬೇಸರ ಮಾಡಿಕೊಳ್ಳದೆ, ಎಂಟು ದಿನ ಬಿಟ್ಟುಹೋಗಿ, ಸರ್ವಿಸಿಗೆ ಕಳಿಸುತ್ತೇನೆ ಎಂದರು. ಮೂಡಿಗೆರೆಯಲ್ಲಿ ಒಳ್ಳೆಯ ಹುಡುಗಿಯಾಗಿರುವ ಫೋನು ಸರ್ವಿಸಿನವರ ಹತ್ತಿರವೂ ಹಾಗೇ ಇರುತ್ತದೆ ಎಂದು ಗೊತ್ತಿದ್ದ ನಾನು ಬಿಡಲಿಲ್ಲ.

ಬರುವಾಗ ಬಸ್ಸಿನಲ್ಲಿ ಡ್ರೈವರನ ಹಿಂದಿನ ಸೀಟು ಸಿಕ್ಕಿತು. ಫೋನನ್ನು ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ಕಣ್ಣು ತೆಗೆಯದೆ ನೋಡಿದೆ. ಕೊಟ್ಟಿಗೆಹಾರ ದಾಟಿದ ಮೇಲೆ ರಸ್ತೆ ಹೇಗೆ ಸುತ್ತುತ್ತದೆ ಎಂದು ಹೋದವರಿಗೆ ಗೊತ್ತು. ಎಡಕ್ಕೆ ತಿರುಗಿದರೂ ಉತ್ತರ ಡ್ರೈವರನ ಬೆನ್ನಿಗೆ, ಬಲಕ್ಕೆ ತಿರುಗಿದರೂ ಉತ್ತರ ಡ್ರೈವರನ ಬೆನ್ನಿಗೆ. ಮುಳ್ಳು ಸ್ವಲ್ಪ ಅಲ್ಲಾಡಿ ಮತ್ತೆ ಅಲ್ಲೇ ಬಂದು ನಿಲ್ಲುತ್ತಿತ್ತು. ಆಗ ಹೊಳೆಯಿತು. ನಾನು ಯಾವ ಕಡೆ ಮುಖ ಮಾಡಿದರೂ ಅದು ಅದೇ ಉತ್ತರ ಎನ್ನುತ್ತಿದೆ. ಕಬ್ಬಿಣದ ಗುಡ್ಡವಾಗಿದ್ದರೆ ಅದು ಒಂದು ಕಡೆ ಕುಳಿತು ಎಳೆಯಬೇಕು. ನನ್ನ ಬಸ್ಸಿನ ಮುಂದೆ ಮುಂದೆ ಓಡಲು ಗುಡ್ಡಕ್ಕೆ ಕಾಲಿಲ್ಲ. ಎಳೆಯುವುದು ಏನೇ ಆಗಿರಲಿ, ಅದು ಫೋನಿನ ಜೊತೆಯಲ್ಲೇ ಪ್ರಯಾಣ ಮಾಡುತ್ತಿದೆ. ಬೇರೆಯವರಿಗೆ ಇದು ದೊಡ್ಡ ವಿಷಯವಲ್ಲದಿರಬಹುದು, ನನಗೆ ಮಾತ್ರ ಆ ಸಂಜೆ ಊಟವೂ ಬೇಡವಾಗುವಷ್ಟು ಖುಷಿಯಾಯಿತು.

ಮರುದಿನ ಅಂಗಡಿಯಲ್ಲಿ ಗುಂಡುಪಿನ್ನಿನ ಡಬ್ಬಿ ಕೈ ಜಾರಿ ಟೇಬಲ್ಲಿನ ಮೇಲೆ ಚೆಲ್ಲಿತು. ಎಲ್ಲವನ್ನೂ ಗುಡ್ಡೆ ಮಾಡಿ ಡಬ್ಬಿಗೆ ತುಂಬಿದೆ. ಪಕ್ಕದಲ್ಲಿದ್ದ ಫೋನು ಎತ್ತಿದರೆ ಕವರಿನ ಮುಚ್ಚಳದ ಅಂಚಿಗೆ ಐದು ಪಿನ್ನುಗಳು ನೇತಾಡುತ್ತಿದ್ದವು. ಕೊಡವಿದರೂ ಬೀಳಲಿಲ್ಲ. ನಾನು ಕುರ್ಚಿಯಲ್ಲಿ ಹಾಗೇ ಕುಳಿತೆ. ಮುಚ್ಚಿದರೆ ಟಕ್ಕೆನ್ನಲು ಕವರಿನ ಒಳಗೆ ಹೊಲಿದಿಟ್ಟಿದ್ದು ಅಯಸ್ಕಾಂತ. ಮುಚ್ಚಳವನ್ನು ಹಿಂದಕ್ಕೆ ಮಡಚಿ ಹಿಡಿದರೆ ಅದು ಫೋನಿನ ಬೆನ್ನಿಗೇ ಅಂಟಿ ಕೂರುತ್ತದೆ, ದಿಕ್ಕಿನ ಸೆನ್ಸರು ಅದನ್ನೇ ಉತ್ತರ ಎಂದುಕೊಳ್ಳುತ್ತದೆ. ಮೂಡಿಗೆರೆಯ ಯಜಮಾನರು ಪ್ರತಿ ಸಲವೂ ಒರೆಸಲು ಕವರು ಬಿಚ್ಚುತ್ತಿದ್ದರು, ಫೋನು ಸರಿಯಾಗುತ್ತಿತ್ತು. ಕವರು ಹಾಕಿ ಕೊಡುತ್ತಿದ್ದರು, ಕೆಡುತ್ತಿತ್ತು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತೆ ನಾನು ಮೂಡಿಗೆರೆಗೆ ಎರಡು ಸಲ ಅಲೆದಿದ್ದೆ. ಸೂಜಿ, ಪಿನ್ನು ಹೆಕ್ಕಲು ನನ್ನ ಡ್ರಾಯರಿನಲ್ಲೇ ಹಳೆಯ ಸ್ಪೀಕರಿನ ಒಂದು ಅಯಸ್ಕಾಂತ ಇಟ್ಟುಕೊಂಡಿರುವವಳಿಗೆ ಇದು ಹೊಳೆಯದೆ ಹೋಯಿತಲ್ಲ ಎಂದು ಒಬ್ಬಳೇ ನಕ್ಕೆ.

ಸಂಜೆಯವರೆಗೆ ಕಾಯಲು ಆಗಲಿಲ್ಲ. ಮಧ್ಯಾಹ್ನದ ಬಸ್ಸಿಗೇ ಅಂಗಡಿ ಮುಚ್ಚಿ ಮನೆಗೆ ಬಂದೆ. ಅಮ್ಮ ಊಟ ಮಾಡಿ ಮಂಚದ ಮೇಲೆ ಮಲಗಿದ್ದಳು, ತಲೆ ಅಡುಗೆಮನೆಯ ಗೋಡೆಯ ಕಡೆ. ಹಗಲು ಹೊತ್ತಿನಲ್ಲೂ ಗಾಢ ನಿದ್ದೆ. ಅವಳನ್ನು ನಾನು ಅಲ್ಲಾಡಿಸಿ ಎಬ್ಬಿಸಿದೆ. ಈಗಲೂ ಅದನ್ನು ನೆನೆದರೆ ನನ್ನ ಕೈಯ ಮೇಲೆ ನನಗೇ ಸಿಟ್ಟು ಬರುತ್ತದೆ.

ಕವರು ಹಾಕಿದ ಫೋನು ಹಿಡಿದು ನಡುಮನೆಯಲ್ಲಿ ಒಂದು ಸುತ್ತು ಸುತ್ತಿ ತೋರಿಸಿದೆ. ಬಚ್ಚಲ ಕಡೆಯೂ ಉತ್ತರ, ಜಗುಲಿಯ ಕಡೆಯೂ ಉತ್ತರ. ಆಮೇಲೆ ಕವರು ಬಿಚ್ಚಿ ತೋರಿಸಿದೆ. ಕಿಟಕಿಯ ಕಡೆ ದಕ್ಷಿಣ. ನಾನು ಹಾಕಿದ್ದೇ ಸರಿ ಇತ್ತು, ಅಪ್ಪನ ತಲೆ ಯಾವತ್ತೂ ದಕ್ಷಿಣಕ್ಕೇ ಇತ್ತು, ನೀನು ಸುಮ್ಮನೆ ಈ ಸುಳ್ಳು ಫೋನನ್ನು ನಂಬಿ ದಿಂಬು ಬದಲಿಸಿದೆ ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಅವಳು ನಗುತ್ತಾಳೆ ಎಂದುಕೊಂಡಿದ್ದೆ. ಅವಳು ಕವರನ್ನು ಕೈಗೆ ತೆಗೆದುಕೊಂಡು ಮುಚ್ಚಿದಳು, ತೆರೆದಳು, ಮತ್ತೆ ಮುಚ್ಚಿದಳು.

"ಹಂಗಾದ್ರೆ ಈ ಗೋಡೆ ಕಡೇನೇ ಉತ್ತರ," ಎಂದಳು. ಹೌದು ಎಂದೆ.

ಅವಳ ಮುಖದಲ್ಲಿ ಹದಿನೈದು ದಿನದಿಂದ ಇದ್ದದ್ದು ಏನೋ ನನ್ನ ಕಣ್ಣೆದುರಿಗೇ ಹೋಯಿತು. ಆಮೇಲೆ ಅವಳು ನೆಲ ನೋಡುತ್ತ ಮಾತಾಡಿದಳು. ಅಪ್ಪನ ದಿಂಬು ನಾನು ಹೇಳಿದ ಕಡೆ ಇರುತ್ತಿದ್ದುದು ನಾನು ಮನೆಯಲ್ಲಿದ್ದಾಗ ಮಾತ್ರವಂತೆ. ಕಿಟಕಿ ತಲೆಯ ಹಿಂದೆ ಇದ್ದರೆ ಅವರಿಗೆ ಗೋಡೆಯಲ್ಲದೆ ಬೇರೇನೂ ಕಾಣುತ್ತಿರಲಿಲ್ಲ. ನಾನು ಬೆಳಿಗ್ಗೆ ಬಸ್ಸು ಹತ್ತಿದ ಕೂಡಲೇ ಅವರು ದಿಂಬನ್ನು ಈ ಗೋಡೆಯ ಕಡೆ ಹಾಕಿಸಿಕೊಂಡು, ಕಿಟಕಿಗೆ ಮುಖ ಮಾಡಿ ಮಲಗಿ, ದಿನವಿಡೀ ರಸ್ತೆ ನೋಡುತ್ತಿದ್ದರಂತೆ. ಸಂಜೆ ನಾನು ತಿರುವಿನಲ್ಲಿ ಇಳಿಯುವುದು ಕಂಡೊಡನೆ ಇಬ್ಬರೂ ಸೇರಿ ಅವಸರದಲ್ಲಿ ಮತ್ತೆ ಮೊದಲಿನ ಹಾಗೆ ಮಾಡುತ್ತಿದ್ದರಂತೆ. ಒಂದೂವರೆ ವರ್ಷ ಹೀಗೆ ನಡೆದಿತ್ತು.

"ಅವತ್ತೂ ತಲೆ ಈ ಕಡೇನೇ ಇತ್ತು. ಹೋದ್ರು ಅಂತ ಗೊತ್ತಾದ್ಮೇಲೆ ನಾನೊಬ್ಳೇ ಅವ್ರನ್ನ ಎತ್ತಿ ತಿರುಗಿಸಿ, ದಿಂಬು ಆ ಕಡೆ ಹಾಕ್ದೆ. ಆಮೇಲೆ ಆಚೆ ಬಂದು ಕೂಗಿದ್ದು."

ಯಾಕೆ ಹಾಗೆ ಮಾಡಿದೆ ಎಂದು ಕೇಳಿದೆ.

"ನೀನು ಬೈತಿದ್ದೆ," ಎಂದಳು.

ಮೊದಲು ಅಭ್ಯಾಸದಿಂದ ನನಗೆ ಸಿಟ್ಟೇ ಬಂತು. ಆಮೇಲೆ ನಾಚಿಕೆಯಾಯಿತು, ಇಡೀ ಮೈಗೆ ಆಗುವಂಥ ನಾಚಿಕೆ. ಅಪ್ಪ ಕಾಯಿಲೆಯಲ್ಲೂ ದೊಡ್ಡ ಮೈಯವರು. ಅಮ್ಮ ನನ್ನ ಭುಜಕ್ಕೂ ಬರುವುದಿಲ್ಲ. ಗಂಡ ಹೋದ ಗಳಿಗೆಯಲ್ಲಿ ಅವಳು ಅಳುವ ಮೊದಲು ನನಗೆ ಹೆದರಿದ್ದಳು. ತಾನು ಉತ್ತರಕ್ಕೆ ತಲೆ ಹಾಕಿಸಿದ್ದರಿಂದಲೇ ಅವರು ಹೋದರೇನೋ ಎಂದು ಒಂದು ವರ್ಷ ಆ ಮಂಚದ ಮೇಲೆಯೇ ಎಚ್ಚರವಾಗಿ ಮಲಗಿದ್ದಳು. ಕೆಟ್ಟ ಫೋನೊಂದು ಬಂದು, ನೀನು ಮಾಡಿದ್ದು ಸರಿ, ಉತ್ತರ ಆ ಕಡೆ ಎಂದು ಹೇಳಿದ ಮೇಲೆ ಅವಳಿಗೆ ನಿದ್ದೆ ಬಂದಿತ್ತು. ಅದು ಸುಳ್ಳೆಂದು ಸಾಧಿಸಲು ನಾನು ಎರಡು ಸಲ ಮೂಡಿಗೆರೆಗೆ ಹೋಗಿ ಜಗಳವಾಡಿದ್ದೆ.

ಅಯಸ್ಕಾಂತದ ವಿಷಯ ಯಾರಿಗೆ ಸರಿಯಾಗಿ ಗೊತ್ತು, ನಮ್ಮ ಗುಡ್ಡದಲ್ಲಿ ಕಬ್ಬಿಣವೂ ಇದೆಯಲ್ಲ ಎಂದು ತೊದಲಿದೆ. ಅಮ್ಮ ನನ್ನ ಕೈ ಹಿಡಿದು ಸುಮ್ಮನಿರಿಸಿದಳು. ನಿನಗೆ ಸುಳ್ಳು ಹೇಳಲು ಬರುವುದಿಲ್ಲ, ಆ ಕೆಲಸಕ್ಕೆ ಹೋಗಬೇಡ ಎಂದಳು. ಆಮೇಲೆ ಕೇಳಿದಳು.

"ಅದಕ್ಕೇ ಹೋದ್ರಾ ಅವ್ರು?"

ಅಲ್ಲ ಎಂದೆ. ದಮ್ಮಿನ ಕಾಯಿಲೆಯಿಂದ ಹೋದರು ಎಂದು ಡಾಕ್ಟರು ಹೇಳಿದ್ದನ್ನೇ ಮತ್ತೆ ಹೇಳಿದೆ. ಅವಳು ತಲೆಯಾಡಿಸಿದಳು, ನಂಬಿದ ಹಾಗೆ ಕಾಣಲಿಲ್ಲ. ತೋರಿಸಲು ನನ್ನ ಹತ್ತಿರ ಯಾವ ಪಿನ್ನೂ ಇರಲಿಲ್ಲ. ಬೇರೇನು ಮಾಡಬೇಕೆಂದು ತಿಳಿಯದೆ ಮಂಚ ಹತ್ತಿ ಆ ಗೋಡೆಯ ಕಡೆಯ ದಿಂಬಿಗೆ ತಲೆಯಿಟ್ಟು ಮಲಗಿಬಿಟ್ಟೆ. ಏಳು ಎಂದಳು. ನಾನು ಏಳಲಿಲ್ಲ.

ಅಲ್ಲಿಂದ ಕಿಟಕಿಯಲ್ಲಿ ಎರಡು ಸಿಲ್ವರ್ ಓಕ್ ಮರಗಳ ನಡುವೆ ರಸ್ತೆಯ ತಿರುವು ಒಂದಿಷ್ಟು ಕಾಣುತ್ತದೆ. ಬಸ್ಸು ನಿಲ್ಲುವುದು ಅಲ್ಲೇ. ಅಷ್ಟು ದೂರಕ್ಕೆ ಇಳಿದವರ ಮುಖ ಕಾಣುವುದಿಲ್ಲ. ನಾನೇ ಎಂದು ಅಪ್ಪನಿಗೆ ಹೇಗೆ ಗೊತ್ತಾಗುತ್ತಿತ್ತು ಎಂದು ಕೇಳಿದೆ.

"ನಡಿಗೆ ನೋಡಿ," ಎಂದಳು ಅಮ್ಮ. "ಇವತ್ತು ಯಾರದೋ ಬ್ಲೌಸ್ ಕೆಟ್ಟಿದೆ ಮಾರಾಯ್ತಿ, ಬೇಗ ದಿಂಬು ತಿರುಗಿಸು ಅಂತಿದ್ರು."

ನನಗೆ ನಗು ಬಂತು, ನಗುತ್ತಲೇ ಅಳು ಬಂತು. ಅಮ್ಮನೂ ಅತ್ತಳು. ಅವಳು ನನ್ನೆದುರು ಮನಸ್ಸು ಬಿಚ್ಚಿ ಅತ್ತದ್ದು ಅದೇ ಮೊದಲು. ಅವತ್ತು ಮಲಗುವಾಗ ಅವಳು ದಿಂಬನ್ನು ಕೈಯಲ್ಲಿ ಹಿಡಿದು ಯಾವ ಕಡೆ ಹಾಕಲಿ ಎಂದು ನಿಂತಿದ್ದಳು. ನಾನು ನೆಲದಲ್ಲಿ ಹಾಸಿಕೊಂಡಿದ್ದ ನನ್ನ ದಿಂಬನ್ನು ಅಡುಗೆಮನೆಯ ಗೋಡೆಯ ಕಡೆ ಎಳೆದುಕೊಂಡು, ತಪ್ಪಾದರೆ ಇಬ್ಬರಿಗೂ ಆಗಲಿ ಬಿಡು ಎಂದೆ. ಅವಳು ನನ್ನ ತಲೆಯ ನೇರಕ್ಕೇ ತಲೆಯಿಟ್ಟಳು. ತುಂಬ ಹೊತ್ತು ಹೊರಳಾಡಿದಳು, ಆಮೇಲೆ ಸಣ್ಣಗೆ ಗೊರಕೆ ಕೇಳಿಸಿತು.

ಮರುದಿನ ಸಂಜೆ ಎಂದಿನಂತೆ ತಿರುವಿನಲ್ಲಿ ಬಸ್ಸಿಳಿದೆ. ಮರಗಳ ನಡುವೆ ನಮ್ಮ ಕಿಟಕಿ ಚೌಕವಾಗಿ ಕಾಣುತ್ತಿತ್ತು. ಇಷ್ಟು ವರ್ಷ ಅಲ್ಲೇ ಇಳಿದು ಓಡಾಡಿದ ನಾನು ಒಂದು ದಿನವೂ ಅದರ ಕಡೆ ತಲೆಯೆತ್ತಿ ನೋಡಿರಲಿಲ್ಲ. ಅಮ್ಮ ಅಲ್ಲಿ ಮಲಗಿ ನೋಡುತ್ತಿರಬಹುದು ಎನಿಸಿತು. ಹೆಜ್ಜೆ ಹೇಗೆ ಎತ್ತಿಡಬೇಕೆಂದು ತಿಳಿಯದೆ, ಬಸ್ಸು ಹೋದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ. ಆಮೇಲೆ ನಿಧಾನವಾಗಿ ನಡೆದುಕೊಂಡು ಮನೆಗೆ ಹೋದೆ.